ಡೋರನಹಳ್ಳಿಗೆ ನಡೆದ ಮೇಲೆ

ಮೈಸೂರಿನಿಂದ ಹುಣಸೂರು ರಸ್ತೆ ಹಿಡಿದು ಹಿನಕಲ್, ಹೂಟಗಳ್ಳಿ ದಾಟಿದರೆ ಇಲವಾಲ. ಇಲ್ಲಿ ರಸ್ತೆ ಕವಲೊಡೆಯುತ್ತದೆ. ನೇರ ಹೋದರೆ ಬಿಳಿಕೆರೆ, ಹುಣಸೂರು, ಆಮೇಲೆ ಕೊಡಗು. ಬಲಕ್ಕೆ ಹೊರಳಿದರೆ ಸಾಗರಕಟ್ಟೆಯ ಹಿನ್ನೀರು, ಕೆ.ಆರ್. ನಗರ. ಆ ದಿಕ್ಕಿನಲ್ಲೇ ಸಂತ ಅಂತೋಣಿಯವರ ಡೋರನಹಳ್ಳಿ. ಮೈಸೂರಿನಿಂದ ಸುಮಾರು 35 ಕಿ.ಮೀ. ದೂರದ ಆ ಊರಿಗೆ ಹರಕೆ ಹೊತ್ತು ನಡೆದು ಹೋಗುವವರನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಕೈಯಲ್ಲಿ ಜಪಸರ, ಹೆಗಲಿಗೊಂದು ಚೀಲ, ಕೆಲವರ ಕಾಲಲ್ಲಿ ಚಪ್ಪಲಿಯೂ ಇಲ್ಲ. ನಾನೂ ಅವರಲ್ಲೊಬ್ಬನಾಗಿ ನಡೆಯುತ್ತೇನೆಂದು ಐವತ್ತು ದಾಟುವವರೆಗೆ ಅಂದುಕೊಂಡಿರಲಿಲ್ಲ.

ನಡೆಯುವಂತೆ ಮಾಡಿದ್ದು ಸಕ್ಕರೆ ಕಾಯಿಲೆ. ರಕ್ತ ಪರೀಕ್ಷೆಯ ಚೀಟಿ ನೋಡಿದ ವೈದ್ಯರು ಮಾತ್ರೆ ಬರೆದುಕೊಟ್ಟು, ದಿನಕ್ಕೆ ನಲವತ್ತು ನಿಮಿಷ ನಡೆಯಲೇಬೇಕು ಎಂದರು. ಹೊಸ ಶೂ ತಂದೆ. ಎರಡು ವಾರ ನಡೆದೆ, ಮಳೆ ಬಂತು, ನಡಿಗೆ ನಿಂತಿತು. ಜಿಮ್‌ಗೆ ಮೂರು ತಿಂಗಳ ಹಣ ಕಟ್ಟಿದೆ, ಹನ್ನೊಂದು ದಿನ ಹೋದೆ. ಹೆಜ್ಜೆ ಎಣಿಸುವ ಆ್ಯಪ್ ಮೊಬೈಲಿಗೆ ಹಾಕಿಕೊಂಡೆ. ಅದು ಎಣಿಸಿತು, ನಾನು ಕೂತೇ ಇದ್ದೆ. ನನಗೇನೂ ತಿಳಿಯದೆ ಇರಲಿಲ್ಲ. ತಂದೆ ಇದೇ ಕಾಯಿಲೆಯಿಂದ ಕಣ್ಣು ಕಳೆದುಕೊಂಡದ್ದನ್ನು ಕಂಡವನು ನಾನು. ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ, ಇನ್ನೂ 13.6 ಕೋಟಿ ಜನ ಅದರ ಅಂಚಿನಲ್ಲಿದ್ದಾರೆ ಎಂದು ಐಸಿಎಂಆರ್‌ನ ಅಧ್ಯಯನ 2023ರಲ್ಲಿ ಹೇಳಿದಾಗ, ಅದನ್ನು ಪತ್ರಿಕೆಯಲ್ಲಿ ಓದಿ ಮನೆಯವರಿಗೆಲ್ಲ ತೋರಿಸಿದವನೂ ನಾನೇ. ಭಯ ಇತ್ತು, ತಿಳಿವಳಿಕೆ ಇತ್ತು. ಕಾಲು ಮಾತ್ರ ಹೊರಡಲಿಲ್ಲ.

ಅದಾದ ಮೇಲೆ ಒಂದು ವಿಭೂತಿ ಬುಧವಾರ, ಅಂದರೆ ಈಸ್ಟರಿಗೆ ಮುಂಚಿನ ನಲವತ್ತು ದಿನದ ತಪಸ್ಸುಕಾಲ ಶುರುವಾಗುವ ದಿನ, ಹಣೆಗೆ ಬೂದಿ ಹಚ್ಚಿಸಿಕೊಂಡು ಗುಡಿಯಿಂದ ಹೊರಬಂದಾಗ ನಾವು ಏಳು ಮಂದಿ ಅಂಗಳದಲ್ಲೇ ನಿಂತು ಮಾತಾಡಿಕೊಂಡೆವು. ತಪಸ್ಸುಕಾಲ ಮುಗಿಯುವುದರೊಳಗೆ ಡೋರನಹಳ್ಳಿಗೆ ನಡೆದು ಹೋಗುವುದೆಂದು ಹರಕೆ. ನಲವತ್ತು ದಿನ ಅದಕ್ಕೆ ತಯಾರಿ. ಬೆಳಿಗ್ಗೆ ಐದೂವರೆಗೆ ಇಲವಾಲದ ಕವಲಿನಲ್ಲಿ ಸೇರಬೇಕು, ಜಪಸರ ಹೇಳುತ್ತ ನಡೆಯಬೇಕು. ಮೊದಲ ವಾರ ಎರಡು ಕಿ.ಮೀ.ಗೇ ಏದುಸಿರು. ಹತ್ತು ಮಣಿಗಳ ಐದು ಸುತ್ತಿನ ಜಪಸರ ಮುಗಿಯಲು ಇಪ್ಪತ್ತು ನಿಮಿಷ ಬೇಕು. ನಾಲ್ಕನೇ ವಾರಕ್ಕೆ ಎರಡು ಜಪಸರದಷ್ಟು ನಡೆಯುತ್ತಿದ್ದೆವು. ವೈದ್ಯರು ಹೇಳಿದ ನಲವತ್ತು ನಿಮಿಷ ಅಷ್ಟೇ ಅಲ್ಲವೇ! ಇದು ನನಗೆ ಹೊಳೆದದ್ದು ಹಿನ್ನೀರಿನ ಮೇಲೆ ಬೆಳಕು ಹರಿಯುತ್ತಿದ್ದ ಒಂದು ಮುಂಜಾನೆ. ಆಮೇಲೆ ನಾನು ಗಡಿಯಾರ ನೋಡುವುದನ್ನು ಬಿಟ್ಟೆ.

ಸಕ್ಕರೆಗಾಗಿ ಹೊರಡದ ಕಾಲು ಹರಕೆಗೆ ಹೇಗೆ ಹೊರಟಿತು? ಆವತ್ತಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಆರೋಗ್ಯ ನನ್ನದು. ನನ್ನ ವಸ್ತುವನ್ನು ನಾನು ಹಾಳು ಮಾಡಿಕೊಂಡರೆ ಕೇಳುವವರಿಲ್ಲ. ಹರಕೆ ಹಾಗಲ್ಲ, ಅದು ಇನ್ನೊಬ್ಬರಿಗೆ ಕೊಟ್ಟ ಮಾತು. ಅದನ್ನು ತೀರಿಸಬೇಕು, ಸಲ್ಲಿಸಬೇಕು, ಒಪ್ಪಿಸಬೇಕು. ಸಾಲಕ್ಕೆ ಬಳಸುವ ಕ್ರಿಯಾಪದಗಳನ್ನೇ ಕನ್ನಡ ಹರಕೆಗೂ ಬಳಸುತ್ತದೆ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲನ್ನು ಕುಂಕುಮ ಹಚ್ಚುತ್ತ ಹತ್ತುವ ತಾಯಂದಿರಿಗೆ ಇದು ಗೊತ್ತು. ಮಾದಪ್ಪನ ಬೆಟ್ಟಕ್ಕೆ ನಡೆಯುವವರಿಗೂ ಗೊತ್ತು. ನಮ್ಮ ಕ್ರೈಸ್ತರಿಗೂ ಗೊತ್ತಿತ್ತು. ನಡುವೆ ಸ್ಕೂಟರು, ಕಾರು ಬಂದು ಮರೆಸಿದವು.

ದೇಹದ ವಿಷಯದಲ್ಲಿ ಈ ಸಾಲದ ಭಾವ ಬೈಬಲಿನಲ್ಲೇ ಇದೆ. ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ಸಂತ ಪೌಲರು, ನಿಮ್ಮ ದೇಹ ಪವಿತ್ರಾತ್ಮರ ಗುಡಿ, ಅದು ನಿಮ್ಮ ಸೊತ್ತಲ್ಲ ಎಂಬ ಅರ್ಥದ ಮಾತು ಹೇಳುತ್ತಾರೆ. ದೇಹವನ್ನೇ ದೇವಾಲಯವಾಗಿ ಕಂಡ ಬಸವಣ್ಣನ ನಾಡಿನವರಿಗೆ ಇದು ಹೊರಗಿನ ಮಾತೆನಿಸದು. ಪೌಲರು ಪತ್ರ ಬರೆದದ್ದು ಯಾರಿಗೆ ಎಂಬುದೂ ಮುಖ್ಯ. ಕೊರಿಂಥದ ಹತ್ತಿರ ಎರಡು ವರ್ಷಕ್ಕೊಮ್ಮೆ ಇಸ್ತ್ಮಿಯನ್ ಕ್ರೀಡೆಗಳು ನಡೆಯುತ್ತಿದ್ದವು. ಓಟಗಾರರನ್ನೂ ಮುಷ್ಟಿಯುದ್ಧದವರನ್ನೂ ಕಣ್ಣಾರೆ ಕಂಡ ಜನ ಅವರು. ಅದಕ್ಕೇ ಪೌಲರ ಪತ್ರದಲ್ಲಿ ಓಟದ ಪಂದ್ಯ, ಬಾಡಿಹೋಗುವ ಗೆಲುವಿನ ಹಾರ, ಗಾಳಿಗೆ ಗುದ್ದದ ಮುಷ್ಟಿ ಎಲ್ಲ ಬರುತ್ತವೆ. ಅವರೇ ತಿಮೊಥೇಯನಿಗೆ ಬರೆದ ಪತ್ರದಲ್ಲಿ, ದೇಹ ಸಾಧನೆಯಿಂದ ಲಾಭ ಸ್ವಲ್ಪ, ಭಕ್ತಿಯಿಂದ ಎಲ್ಲಕ್ಕೂ ಲಾಭ ಎಂಬ ಮಾತೂ ಇದೆ. ವ್ಯಾಯಾಮ ಬೇಡವೆನ್ನುವವರು ಇದನ್ನೇ ಹಿಡಿದುಕೊಳ್ಳುತ್ತಾರೆ. ನಾನು ಓದುವುದು ಬೇರೆ ರೀತಿ. ಸ್ವಲ್ಪ ಲಾಭವಿದೆ ಎಂದು ಅವರು ಒಪ್ಪಿದ್ದಾರೆ. ಗುಡಿಯನ್ನು ಗುಡಿಸಿ ಸಾರಿಸಬೇಕು, ಗುಡಿಗೇ ಪೂಜೆ ಸಲ್ಲಿಸಬಾರದು, ಅಷ್ಟೇ.

ಈ ಭೇದ ಮರೆತ ಕಾಲವೂ ಇತ್ತು. ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನಲ್ಲಿ ಚಾರ್ಲ್ಸ್ ಕಿಂಗ್ಸ್ಲಿ, ಥಾಮಸ್ ಹ್ಯೂಸ್ ಮೊದಲಾದವರ ಬರಹಗಳ ಸುತ್ತ ‘ಕಟ್ಟುಮಸ್ತಾದ ಕ್ರೈಸ್ತಧರ್ಮ’ ಎಂಬ ಆಂದೋಲನವೇ ಬೆಳೆಯಿತು. ಗಟ್ಟಿಮುಟ್ಟಾದ ಗಂಡಸೇ ಒಳ್ಳೆಯ ಕ್ರೈಸ್ತ ಎಂಬ ಧೋರಣೆ ಅದರಲ್ಲಿತ್ತು, ಸಾಮ್ರಾಜ್ಯದ ಗರ್ವವೂ ಬೆರೆತಿತ್ತು. ಅದು ನನಗೆ ಹಿಡಿಸುವುದಿಲ್ಲ. ಆದರೆ ಅದೇ ಕಾಲದ ಗಾಳಿಯಲ್ಲಿ ಬೆಳೆದ ವೈಎಂಸಿಎಯ ಋಣ ನಮ್ಮ ಶಾಲಾ ಮೈದಾನಗಳ ಮೇಲಿದೆ. 1844ರಲ್ಲಿ ಲಂಡನ್ನಿನ ಜವಳಿ ಅಂಗಡಿಯ ನೌಕರ ಜಾರ್ಜ್ ವಿಲಿಯಮ್ಸ್ ಪ್ರಾರ್ಥನೆಗೆಂದು ಕಟ್ಟಿದ ಕೂಟ ಅದು. ಅದರ ಕೆಂಪು ತ್ರಿಕೋನದ ಮೂರು ಬದಿ ಎಂದರೆ ದೇಹ, ಬುದ್ಧಿ, ಆತ್ಮ. ಬ್ಯಾಸ್ಕೆಟ್‌ಬಾಲ್ 1891ರಲ್ಲಿ, ವಾಲಿಬಾಲ್ 1895ರಲ್ಲಿ ಹುಟ್ಟಿದ್ದು ಅಮೆರಿಕದ ವೈಎಂಸಿಎ ಶಿಕ್ಷಕರ ಕೈಯಲ್ಲಿ. ಹ್ಯಾರಿ ಬಕ್ ಎಂಬವರು 1920ರಲ್ಲಿ ಮದರಾಸಿನಲ್ಲಿ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜು ತೆರೆದರು. ದಕ್ಷಿಣದ ಶಾಲೆಗಳಿಗೆ ತರಬೇತಿ ಪಡೆದ ಡ್ರಿಲ್ ಮೇಷ್ಟ್ರುಗಳು ಬಂದದ್ದರಲ್ಲಿ ಆ ಕಾಲೇಜಿನ ಪಾಲು ದೊಡ್ಡದು. ಅದೇ ಬಕ್ 1924ರಲ್ಲಿ ಭಾರತ ತಂಡದ ತರಬೇತುದಾರರಾಗಿ ಪ್ಯಾರಿಸ್ ಒಲಿಂಪಿಕ್ಸಿಗೆ ಹೋದರು. ಭಾನುವಾರ ಓಡುವುದಿಲ್ಲವೆಂದು ನೂರು ಮೀಟರ್ ಓಟವನ್ನು ಬಿಟ್ಟುಕೊಟ್ಟ ಎರಿಕ್ ಲಿಡೆಲ್ 400 ಮೀಟರ್ ಓಟವನ್ನು 47.6 ಸೆಕೆಂಡಿನಲ್ಲಿ ಗೆದ್ದದ್ದೂ ಅದೇ ಕೂಟದಲ್ಲಿ.

ನನ್ನ ಮನಸ್ಸಿಗೆ ಹತ್ತಿರದವರು ಇವರಿಗಿಂತ ಹಿಂದಿನ ಒಬ್ಬರು, ಜಾನ್ ವೆಸ್ಲಿ. ನಾನು ಕಥೋಲಿಕ, ಅವರು ಮೆಥಡಿಸ್ಟ್ ಪಂಥದ ಮೂಲಪುರುಷ. ಆದರೂ ಮೈಸೂರಿನವರಿಗೆಲ್ಲ ಅವರೊಂದಿಗೆ ನಂಟಿದೆ. ವೆಸ್ಲಿ 1747ರಲ್ಲಿ ‘ಪ್ರಿಮಿಟಿವ್ ಫಿಸಿಕ್’ ಎಂಬ ಮನೆಮದ್ದಿನ ಪುಸ್ತಕ ಬರೆದರು. ವೈದ್ಯರಿಗೆ ಹಣ ಕೊಡಲಾರದ ಬಡವರಿಗಾಗಿ ಬರೆದದ್ದು ಅದು. ಅದರಲ್ಲಿನ ಎಷ್ಟೋ ಮದ್ದುಗಳು ಇವತ್ತು ಸಲ್ಲವು. ಮುನ್ನುಡಿಯಲ್ಲಿನ ನಿಯಮಗಳು ಮಾತ್ರ ಈಗಲೂ ಸಲ್ಲುತ್ತವೆ: ಮಿತವಾಗಿ ಉಣ್ಣು, ನೀರು ಕುಡಿ, ಬೇಗ ಮಲಗಿ ಬೇಗ ಏಳು, ಬಯಲಿನ ಗಾಳಿಯಲ್ಲಿ ಮೈ ದಣಿಸು. ಶಕ್ತಿಯಿದ್ದವರಿಗೆ ನಡಿಗೆಯೇ ಎಲ್ಲಕ್ಕಿಂತ ಒಳ್ಳೆಯ ವ್ಯಾಯಾಮ ಎಂಬುದು ಅವರ ನಿಲುವು. ಹೇಳಿದಂತೆ ಮೈ ದಣಿಸಿಯೇ ಬದುಕಿದರು ಕೂಡ. ಉಪದೇಶಕ್ಕಾಗಿ ಅವರು ಕುದುರೆಯ ಮೇಲೆ ಸುತ್ತಿದ ದಾರಿಯನ್ನು ಎರಡೂವರೆ ಲಕ್ಷ ಮೈಲಿ ಎಂದು ಅಂದಾಜು ಮಾಡುತ್ತಾರೆ. 1791ರಲ್ಲಿ ತೀರಿಕೊಂಡಾಗ ಅವರಿಗೆ 87 ವರ್ಷ.

ಆ ವೆಸ್ಲಿಯ ಹೆಸರು ಹೊತ್ತ ಮಿಷನ್ನಿನವರು ಮೈಸೂರಿಗೆ ಬಂದು ಹಾರ್ಡ್ವಿಕ್ ಶಾಲೆ ನಡೆಸಿದರು, 1887ರಿಂದ ‘ವೃತ್ತಾಂತ ಪತ್ರಿಕೆ’ ಅಚ್ಚು ಹಾಕಿದರು. 1906ರಲ್ಲಿ ಹೆಂಗಸರು, ಮಕ್ಕಳಿಗಾಗಿ ಮೇರಿ ಹೋಲ್ಡ್ಸ್‌ವರ್ತ್ ಆಸ್ಪತ್ರೆ ತೆರೆದರು. ಹಳೆ ಮೈಸೂರಿಗರ ಬಾಯಲ್ಲಿ ಅದು ಇಂದಿಗೂ ಮಿಷನ್ ಆಸ್ಪತ್ರೆ. ನಮ್ಮೂರ ಕಡೆಯ ಎಷ್ಟು ಮಕ್ಕಳು ಅಲ್ಲಿ ಹುಟ್ಟಿದ್ದಾರೋ, ಎಲ್ಲ ಜಾತಿ ಧರ್ಮದವರೂ! ಅದಕ್ಕೂ ನೂರು ವರ್ಷ ಹಿಂದೆ ಶ್ರೀರಂಗಪಟ್ಟಣದ ಸುತ್ತಮುತ್ತ ಓಡಾಡಿಕೊಂಡಿದ್ದ ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್ 1803-04ರಲ್ಲಿ 25 ಸಾವಿರಕ್ಕೂ ಹೆಚ್ಚು ಜನರಿಗೆ ಸಿಡುಬಿನ ಲಸಿಕೆ ಹಾಕಿಸಿದರೆಂದು ದಾಖಲೆ ಇದೆ. ಜೆನ್ನರ್ ಲಸಿಕೆಯ ವಿಚಾರ ಪ್ರಕಟಿಸಿ ಆಗಿನ್ನೂ ಐದಾರು ವರ್ಷ. ಆತ್ಮದ ಚಿಂತೆಗೆಂದು ಬಂದವರು ಇಲ್ಲಿ ಕೈಗೆತ್ತಿಕೊಂಡದ್ದು ದೇಹದ ಚಿಂತೆಯನ್ನೂ.

ಇಷ್ಟೆಲ್ಲ ಇದ್ದೂ ನಮ್ಮ ಗುಡಿಗಳ ಅಂಗಳದಲ್ಲಿ ಇವತ್ತು ಕಾಣುವುದೇನು? ಪೂಜೆ ಮುಗಿದ ಮೇಲೆ ಬೋಂಡ, ಟೀ. ಹಬ್ಬಕ್ಕೆ ಬಿರಿಯಾನಿ, ಕೇಕು. ಭಾನುವಾರ ಎಂದರೆ ಬಾಡೂಟ, ಬಾಡೂಟದ ಮೇಲೆ ಎರಡು ತಾಸು ನಿದ್ದೆ. ಅರ್ಧ ಕಿ.ಮೀ. ದೂರದ ಮನೆಯಿಂದ ಗುಡಿಗೆ ಬರಲು ಸ್ಕೂಟರು. ಇದು ನಮ್ಮಲ್ಲಿ ಮಾತ್ರ ಅಲ್ಲ. ಅಮೆರಿಕದಲ್ಲಿ 2,433 ಜನರನ್ನು 18 ವರ್ಷ ಹಿಂಬಾಲಿಸಿದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಅಧ್ಯಯನವೊಂದು 2011ರಲ್ಲಿ ಹೊರಬಂತು. ಹರೆಯದಲ್ಲಿ ಧಾರ್ಮಿಕ ಕೂಟಗಳಿಗೆ ಹೆಚ್ಚು ಹೋಗುತ್ತಿದ್ದವರು ನಡುವಯಸ್ಸಿಗೆ ಬೊಜ್ಜು ಬೆಳೆಸಿಕೊಳ್ಳುವ ಸಂಭವ ಉಳಿದವರಿಗಿಂತ ಶೇ 50ರಷ್ಟು ಹೆಚ್ಚು ಎಂದು ಅದು ಹೇಳಿತು. ಐದು ವರ್ಷದ ನಂತರ, 2016ರಲ್ಲಿ, ಹಾರ್ವರ್ಡಿನವರು 74,534 ದಾದಿಯರ ವಿವರಗಳನ್ನು ಪರಿಶೀಲಿಸಿ ಇನ್ನೊಂದು ಫಲಿತಾಂಶ ಪ್ರಕಟಿಸಿದರು. ವಾರಕ್ಕೆ ಒಂದಕ್ಕಿಂತ ಹೆಚ್ಚು ಸಲ ಆರಾಧನೆಗೆ ಹೋಗುವವರಲ್ಲಿ, ಆ 16 ವರ್ಷಗಳಲ್ಲಿ ಸಾವಿನ ಪ್ರಮಾಣ ಎಂದೂ ಹೋಗದವರಿಗಿಂತ ಶೇ 33ರಷ್ಟು ಕಡಿಮೆ ಇತ್ತು.

ಎರಡನ್ನೂ ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಅರ್ಥವಾದದ್ದು ಇಷ್ಟು. ಗುಡಿಗೆ ಹೋಗುವವರ ಸುತ್ತ ಜನ ಇರುತ್ತಾರೆ, ಬೀಡಿ ಸಿಗರೇಟು ಕಡಿಮೆ, ಎದೆಯ ಭಾರ ಹಂಚಿಕೊಳ್ಳಲು ಹೆಗಲಿದೆ. ಹಾರ್ವರ್ಡಿನವರು ಕಂಡ ಕಾರಣಗಳಲ್ಲಿ ಇವೂ ಇದ್ದವು. ಆದರೆ ಆ ಜನ ಸೇರುವುದು ಊಟದ ಎಲೆಯ ಮುಂದೆ. ಭಕ್ತಿ ತನ್ನಷ್ಟಕ್ಕೆ ಯಾರ ಸೊಂಟವನ್ನೂ ಕರಗಿಸುವುದಿಲ್ಲ. ಸೇರಿದ ಜನ ಎದ್ದು ನಡೆಯಬೇಕು. ಕ್ಯಾಲಿಫೋರ್ನಿಯಾದ ಸೆವೆಂತ್ ಡೇ ಅಡ್ವೆಂಟಿಸ್ಟ್ ಎಂಬ ಕ್ರೈಸ್ತ ಪಂಥದವರು ಭಕ್ತಿಯನ್ನು ದಿನಚರಿಗೆ ಇಳಿಸಿ ತೋರಿಸಿದ್ದಾರೆ. ಹೊಗೆಸೊಪ್ಪು, ಮದ್ಯ ಇಲ್ಲ. ಅವರಲ್ಲಿ ಬಹಳ ಮಂದಿ ಮಾಂಸ ತಿನ್ನುವುದಿಲ್ಲ. ಶನಿವಾರ ಕಡ್ಡಾಯ ವಿಶ್ರಾಂತಿ. ಅಲ್ಲಿನ ಉಳಿದ ಬಿಳಿಯ ಗಂಡಸರಿಗಿಂತ ಅಡ್ವೆಂಟಿಸ್ಟ್ ಗಂಡಸರು ಸರಾಸರಿ 7.3 ವರ್ಷ, ಉಳಿದ ಬಿಳಿಯ ಹೆಂಗಸರಿಗಿಂತ ಅಡ್ವೆಂಟಿಸ್ಟ್ ಹೆಂಗಸರು 4.4 ವರ್ಷ ಹೆಚ್ಚು ಬದುಕುತ್ತಾರೆಂದು 2001ರಲ್ಲಿ ಲೆಕ್ಕ ಹಾಕಿದರು. ಅದೇ ರಾಜ್ಯದ ಸ್ಯಾಡಲ್‌ಬ್ಯಾಕ್ ಚರ್ಚಿನ ಪಾಸ್ಟರ್ ರಿಕ್ ವಾರೆನ್ 2011ರಲ್ಲಿ, ಕಾಯಿಪಲ್ಯ ತಿಂದು ನೀರು ಕುಡಿದು ಅರಮನೆಯ ಪಕ್ವಾನ್ನ ಬೇಡವೆಂದ ದಾನಿಯೇಲನ ಹೆಸರಿನಲ್ಲಿ ಒಂದು ಯೋಜನೆ ಶುರು ಮಾಡಿದರು. ಮೊದಲ ವರ್ಷ 15 ಸಾವಿರ ಜನ ಸೇರಿ ಎರಡೂವರೆ ಲಕ್ಷ ಪೌಂಡ್ ತೂಕ ಇಳಿಸಿದರೆಂದು ಆ ಚರ್ಚು ಹೇಳಿಕೊಂಡಿದೆ. ಬೈಬಲನ್ನು ಡಯಟ್ ಚಾರ್ಟ್ ಮಾಡುವುದು ನನಗೆ ಇಷ್ಟವಿಲ್ಲ. ಒಬ್ಬೊಬ್ಬರಾಗಿ ಮಾಡದೆ ಸಣ್ಣ ಸಣ್ಣ ಗುಂಪು ಕಟ್ಟಿದರಲ್ಲ, ಆ ಉಪಾಯ ಮಾತ್ರ ನಿಜವಾದದ್ದು. ನಾವು ಏಳು ಮಂದಿಯಲ್ಲಿ ಒಬ್ಬರು ಬರದಿದ್ದರೆ ಉಳಿದವರು ಅವರ ಮನೆ ಬಾಗಿಲು ಬಡಿಯುತ್ತಿದ್ದೆವು. ಯಾವ ಆ್ಯಪೂ ಬಾಗಿಲು ಬಡಿಯುವುದಿಲ್ಲ.

ಉಪವಾಸದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇಲ್ಲಿ ತಪ್ಪಿದರೆ ಜೀವಕ್ಕೆ ಅಪಾಯ. ಕಥೋಲಿಕ ಧರ್ಮಸಭೆಯ ಕಟ್ಟಳೆಯಲ್ಲಿ ಕಡ್ಡಾಯ ಉಪವಾಸ ವರ್ಷಕ್ಕೆ ಎರಡೇ ದಿನ, ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ. ಅದೂ 18 ತುಂಬಿದವರಿಂದ 59 ತುಂಬುವವರೆಗೆ. ಉಪವಾಸವೆಂದರೆ ಒಂದು ಹೊತ್ತು ಹೊಟ್ಟೆ ತುಂಬ ಊಟ, ಬೇಕಾದರೆ ಉಳಿದ ಎರಡು ಹೊತ್ತು ಅಲ್ಪಾಹಾರ. ಮಾಂಸ ಬಿಡುವ ನಿಯಮ 14 ತುಂಬಿದವರಿಗೆ. ಕಾಯಿಲೆಯವರಿಗೂ ಬಸುರಿ ಬಾಣಂತಿಯರಿಗೂ ಈ ಕಟ್ಟಳೆ ಇಲ್ಲ. ಆದರೆ ನಮ್ಮ ಅಮ್ಮಂದಿರು, ಅತ್ತೆಯಂದಿರು ಇದನ್ನು ಕೇಳುವುದಿಲ್ಲ. ಇನ್ಸುಲಿನ್ ಚುಚ್ಚಿಕೊಂಡು ಊಟ ಬಿಡುತ್ತಾರೆ. ನನ್ನ ತಾಯಿ ಒಂದು ಶುಭ ಶುಕ್ರವಾರ ಶಿಲುಬೆ ಹಾದಿಯ ಒಂಬತ್ತನೇ ಸ್ಥಳದಲ್ಲಿ ಬೆವತು ಕುಸಿದರು. ಪಕ್ಕದಲ್ಲಿದ್ದ ನರ್ಸಮ್ಮನೊಬ್ಬರು ಬಾಯಿಗೆ ಸಕ್ಕರೆ ಹಾಕದಿದ್ದರೆ ಅವತ್ತೇ ಮುಗಿಯುತ್ತಿತ್ತು. ಸಕ್ಕರೆ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟ ಬಿಡಬಾರದು. ಪ್ರಾರ್ಥನಾ ಕೂಟದಲ್ಲಿ ಗುಣವಾಯಿತೆಂದು ಯಾರಾದರೂ ಮಾತ್ರೆ ನಿಲ್ಲಿಸಲು ಹೇಳಿದರೆ, ಹೇಳಿದವರು ಯಾರೇ ಆಗಿರಲಿ, ನಿಲ್ಲಿಸಬೇಡಿ. ಬಿಡಲು ಬೇರೆ ಎಷ್ಟೋ ಇವೆ. ನಾನು ಆ ನಲವತ್ತು ದಿನ ಸಕ್ಕರೆ ಹಾಕಿದ ಕಾಫಿಯನ್ನೂ ರಾತ್ರಿ ಹತ್ತರ ನಂತರದ ಮೊಬೈಲನ್ನೂ ಬಿಟ್ಟಿದ್ದೆ. ಎರಡನೆಯದೇ ಕಷ್ಟವಾಗಿತ್ತು.

ಮೊಬೈಲ್ ಬಿಟ್ಟ ಮೇಲೆ ನಿದ್ದೆ ಬಂತು. ನಿದ್ದೆಯ ಮಾತು ಬಂದಾಗಲೆಲ್ಲ ನನಗೆ ಪ್ರವಾದಿ ಎಲೀಯನ ಕಥೆ ನೆನಪಾಗುತ್ತದೆ. ರಾಣಿ ಈಜೆಬೆಲಳ ಬೆದರಿಕೆಗೆ ಹೆದರಿ ಓಡಿದ ಎಲೀಯ ಮರುಭೂಮಿಯಲ್ಲಿ ಗಿಡವೊಂದರ ಕೆಳಗೆ ಬಿದ್ದುಕೊಂಡು, ಸಾಕು, ನನ್ನ ಜೀವ ತೆಗೆದುಕೋ ಎಂದು ದೇವರನ್ನು ಬೇಡುತ್ತಾನೆ. ದೇವದೂತ ಬಂದು ಉಪದೇಶ ಮಾಡುವುದಿಲ್ಲ, ಬೈಯುವುದಿಲ್ಲ. ತಟ್ಟಿ ಎಬ್ಬಿಸುತ್ತಾನೆ. ತಲೆದೆಸೆಯಲ್ಲಿ ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ಪಾತ್ರೆ ನೀರು. ಎಲೀಯ ತಿಂದು ಕುಡಿದು ಮತ್ತೆ ಮಲಗುತ್ತಾನೆ. ಎರಡನೇ ಸಲ ಎಬ್ಬಿಸಿದಾಗಲೂ ಊಟವೇ, ಮುಂದಿನ ದಾರಿ ದೂರವಿದೆ ಎಂಬ ಕಾಳಜಿ. ಆಮೇಲೆ ಅವನು ಹೋರೇಬ್ ಬೆಟ್ಟಕ್ಕೆ ನಲವತ್ತು ಹಗಲು ನಲವತ್ತು ಇರುಳು ನಡೆದ. ದೇವರ ದನಿ ಕೇಳಿಸಿದ್ದು ಅದರ ನಂತರ. ಬದುಕು ಬೇಡವೆನ್ನುವಷ್ಟು ದಣಿದವನಿಗೆ ಮೊದಲು ಬೇಕಾದದ್ದು ನಿದ್ದೆ, ಅನ್ನ, ನೀರು. ಹೂಟಗಳ್ಳಿಯ ಕಾರ್ಖಾನೆಗಳಲ್ಲಿ ರಾತ್ರಿ ಪಾಳಿ ಮುಗಿಸಿ ಬರುವ ಹುಡುಗರಿಗೆ ಬೆಳಗಿನ ಓಟದ ಉಪದೇಶ ಮಾಡುವ ಮೊದಲು ಇದು ನೆನಪಿರಬೇಕು.

ನಾವು ದಿನವೂ ಸೇರುವ ಇಲವಾಲಕ್ಕೂ ನಡಿಗೆಯ ದೊಡ್ಡ ನೆನಪೊಂದಿದೆ. 1957ರ ಸೆಪ್ಟೆಂಬರ್ 21 ಮತ್ತು 22ರಂದು ಇಲ್ಲಿ ಗ್ರಾಮದಾನ ಸಮ್ಮೇಳನ ನಡೆಯಿತು. ರಾಷ್ಟ್ರಪತಿ ರಾಜೇಂದ್ರ ಪ್ರಸಾದ್, ಪ್ರಧಾನಿ ನೆಹರೂ ಬಂದಿದ್ದರು. ವಿನೋಬಾ ಭಾವೆ ಬಂದದ್ದು ಕಾಲ್ನಡಿಗೆಯಲ್ಲಿ, ಕೇರಳದಿಂದ ಕರ್ನಾಟಕಕ್ಕೆ ಕಾಲಿಟ್ಟು. ಆಗಷ್ಟೇ ಅವರಿಗೆ 62 ತುಂಬಿತ್ತು. ಹೊಟ್ಟೆಯ ಹುಣ್ಣಿನ ರೋಗಿ, ಮೊಸರು ಮತ್ತು ಜೇನಿನಂಥ ಅಲ್ಪ ಆಹಾರದ ಮೇಲೆ ಬದುಕಿದವರು, 1951ರಿಂದ ಹದಿಮೂರು ವರ್ಷ ಬಡವರಿಗಾಗಿ ಭೂಮಿ ಬೇಡುತ್ತ ನಡೆದೇ ನಡೆದರು. ಅವರು ಕ್ರೈಸ್ತರಲ್ಲ, ಆದರೆ ಬೈಬಲನ್ನು ಆಳವಾಗಿ ಓದಿ ‘ಕ್ರಿಸ್ತಧರ್ಮ ಸಾರ’ ಎಂಬ ಸಂಕಲನ ಮಾಡಿದವರು. ಆ ದೇಹದಲ್ಲಿ ಅಷ್ಟು ಶಕ್ತಿ ಎಲ್ಲಿಂದ ಬಂತು ಎಂದು ಕೇಳಿದರೆ ನನ್ನಲ್ಲಿ ಒಂದೇ ಉತ್ತರವಿದೆ. ಅವರು ತಮಗಾಗಿ ನಡೆಯಲಿಲ್ಲ.

ನಾವು ಡೋರನಹಳ್ಳಿ ತಲುಪಿದ್ದು ಒಂದು ಮಂಗಳವಾರ, ಅಂತೋಣಿಯವರ ವಾರ. ಬೆಳಗಿನ ಜಾವ ಮೂರಕ್ಕೆ ಇಲವಾಲ ಬಿಟ್ಟಿದ್ದೆವು. ಉಳುವಾಗ ರೈತನೊಬ್ಬನಿಗೆ ಮಣ್ಣಿನಲ್ಲಿ ಸಿಕ್ಕಿತೆಂದು ನಂಬುವ ಪ್ರತಿಮೆಯ ಸ್ಥಳ ಅದು, 2019ರಲ್ಲಿ ಬಸಿಲಿಕಾ ಪದವಿ ಪಡೆದದ್ದು. ಸಾಲಿನಲ್ಲಿ ನಮ್ಮ ಮುಂದೆ ಕುಂಕುಮವಿಟ್ಟವರಿದ್ದರು, ಹಿಂದೆ ಬುರ್ಖಾ ತೊಟ್ಟವರಿದ್ದರು. ಕಾಲಲ್ಲಿ ಗುಳ್ಳೆ ಎದ್ದಿತ್ತು. ನಾನು ಬೇಡಿಕೊಂಡದ್ದು ಸಕ್ಕರೆ ಇಳಿಯಲಿ ಎಂದಲ್ಲ, ನಾಳೆ ಬೆಳಿಗ್ಗೆಯೂ ಏಳುವಂತೆ ಮಾಡು ಎಂದು.

ಮೂರು ತಿಂಗಳ ಸರಾಸರಿ ಸಕ್ಕರೆ ಇಳಿಯಿತು, ತೂಕ ಆರು ಕೆ.ಜಿ. ಇಳಿಯಿತು, ಮಾತ್ರೆ ಇನ್ನೂ ನಡೆದಿದೆ. ಎಲ್ಲರ ಕಥೆಯೂ ಹೀಗೇ ಆಗುವುದಿಲ್ಲ. ನಮ್ಮ ಏಳು ಮಂದಿಯಲ್ಲಿ ಒಬ್ಬರಿಗೆ ಮಂಡಿ ನೋವು ಹೆಚ್ಚಾಗಿ ನಡಿಗೆಯೇ ನಿಂತಿತು. ಅವರ ಭಕ್ತಿ ಕಡಿಮೆ ಇತ್ತೇ? ತನ್ನ ದೇಹದಲ್ಲಿ ನಾಟಿದ ಮುಳ್ಳನ್ನು ತೆಗೆ ಎಂದು ಮೂರು ಸಲ ಬೇಡಿಕೊಂಡ ಪೌಲರಿಗೇ ಆ ಮುಳ್ಳು ಹೋಗಲಿಲ್ಲ. ದಪ್ಪಗಿರುವವರನ್ನು ಪಾಪಿಗಳೆಂದು, ಕಾಯಿಲೆಯವರನ್ನು ನಂಬಿಕೆ ಸಾಲದವರೆಂದು ಅಳೆಯುವ ಬೋಧನೆಯನ್ನು ನಾನು ಕೇಳಿದ್ದೇನೆ. ಅದು ಕ್ರಿಸ್ತನ ಮಾತಲ್ಲ. ಮಂಡಿ ನೋವಿನ ಆ ಅಣ್ಣ ಈಗ ಕವಲಿನಲ್ಲಿ ಕುರ್ಚಿ ಹಾಕಿ ಕೂತು ನಾವು ಹಿಂದಿರುಗುವವರೆಗೆ ಕೂತಲ್ಲೇ ಕೈಕಾಲು ಆಡಿಸುತ್ತ ಜಪಸರ ಹೇಳುತ್ತಾರೆ. ಅವರೂ ನಮ್ಮ ಗುಂಪಿನವರೇ.

ಧರ್ಮಗುರುಗಳಲ್ಲೂ ಸಭಾಪಾಲಕರಲ್ಲೂ ನನ್ನದೊಂದು ಕೋರಿಕೆ. ನಿಮ್ಮ ಪ್ರತಿ ಸಭೆಯಲ್ಲೂ ನಾಲ್ಕಾರು ನರ್ಸುಗಳಿದ್ದಾರೆ. ತಿಂಗಳಿಗೊಂದು ಭಾನುವಾರ ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಒಂದು ಮೇಜು ಹಾಕಿ ಬಿಪಿ, ಸಕ್ಕರೆ ನೋಡಲು ಅವರನ್ನು ಕೇಳಿಕೊಳ್ಳಿ. ಬೋಂಡದ ಜಾಗದಲ್ಲಿ ಹೆಸರುಬೇಳೆ ಕೋಸಂಬರಿ ಬರಲಿ. ಓದುಗರಲ್ಲೂ ಒಂದು ಕೋರಿಕೆ. ತಪಸ್ಸುಕಾಲಕ್ಕೆ ಕಾಯಬೇಡಿ. ಈ ವಾರ ರಕ್ತ ಪರೀಕ್ಷೆ ಮಾಡಿಸಿ, ನಿಮ್ಮ ವೈದ್ಯರನ್ನು ಕೇಳಿ, ಬಾಗಿಲು ಬಡಿಯುವ ಇಬ್ಬರು ಗೆಳೆಯರನ್ನು ಹುಡುಕಿಕೊಳ್ಳಿ. ಬರುವ ಭಾನುವಾರ ಗಾಡಿಯನ್ನು ಮನೆಯಲ್ಲೇ ಬಿಟ್ಟು ಗುಡಿಗೆ ನಡೆದು ಹೋಗಿ. ಇಲವಾಲದ ಕಡೆಯವರಾದರೆ ಬೆಳಿಗ್ಗೆ ಐದೂವರೆಗೆ ಕವಲಿಗೆ ಬನ್ನಿ, ನಾವು ಅಲ್ಲಿರುತ್ತೇವೆ.